ನಾಟಕದ ತಾಲೀಮು: ಮೊದಲ ಓದಿನಿಂದ ಮೂರನೇ ಬೆಲ್‌ವರೆಗೆ

ಊರ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಆಫೀಸಿನ ವಾರ್ಷಿಕೋತ್ಸವಕ್ಕೋ ಒಂದು ನಾಟಕ ಮಾಡೋಣ ಅಂತ ಎಂಟು ಹತ್ತು ಜನ ಸೇರುತ್ತಾರೆ. ಉತ್ಸಾಹ ಬೇಕಾದಷ್ಟಿರುತ್ತದೆ. ಒಳ್ಳೆಯ ದನಿ ಇರುವವರು, ಹಾಡುವವರು, ನಗಿಸುವವರು ಎಲ್ಲ ಇರುತ್ತಾರೆ. ಆದರೂ ಪ್ರದರ್ಶನದ ದಿನ ಮೊದಲ ಹದಿನೈದು ನಿಮಿಷ ಚೆನ್ನಾಗಿ ನಡೆದ ನಾಟಕ ಆಮೇಲೆ ಸಡಿಲವಾಗುತ್ತದೆ. ಕೊನೆಯ ದೃಶ್ಯದ ಹೊತ್ತಿಗೆ ನಟರು ಒಬ್ಬರ ಮುಖ ಒಬ್ಬರು ನೋಡುತ್ತಾ ಮಾತಿಗಾಗಿ ಕಾಯುತ್ತಿರುತ್ತಾರೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ದಿನಾ ಸಂಜೆ ಸೇರಿದ ಕೂಡಲೇ ಯಾರೋ ಒಬ್ಬರು ‘ಮೊದಲಿಂದ ಶುರು ಮಾಡೋಣ’ ಅನ್ನುತ್ತಾರೆ. ಅರ್ಧ ನಾಟಕ ಮುಗಿಯುವಷ್ಟರಲ್ಲಿ ಒಬ್ಬರಿಗೆ ಬಸ್ಸಿಗೆ ಹೊತ್ತಾಗುತ್ತದೆ, ಇನ್ನೊಬ್ಬರಿಗೆ ಮನೆಯಿಂದ ಫೋನ್ ಬರುತ್ತದೆ. ಮರುದಿನ ಮತ್ತೆ ಮೊದಲಿಂದ. ಹೀಗೆ ಮೊದಲ ದೃಶ್ಯ ಹತ್ತಾರು ಸಲ ಆಗುತ್ತದೆ, ಕೊನೆಯದು ಬೆರಳೆಣಿಕೆಯಷ್ಟು ಸಲ. ಕಥೆಯ ಗಟ್ಟಿ ಇರುವುದು ಕೊನೆಯಲ್ಲೇ ಅಲ್ವಾ?

ಹವ್ಯಾಸಿ ತಂಡಗಳ ಜೊತೆ ನಾಟಕ ಮಾಡಿಸುತ್ತಾ ನಾನು ಗಟ್ಟಿಯಾಗಿ ನಂಬಿರುವುದು ಒಂದೇ: ಪ್ರತಿ ಸಂಜೆಯ ತಾಲೀಮಿಗೂ ಒಂದು ಗೊತ್ತಾದ ಕೆಲಸ ಇರಬೇಕು. ಇವತ್ತು ಏನು ಸರಿ ಮಾಡಲು ಸೇರಿದ್ದೇವೆ ಅನ್ನುವುದು ಬಾಗಿಲು ತೆಗೆಯುವ ಮೊದಲೇ ಗೊತ್ತಿರಬೇಕು. ಸುಮ್ನೆ ಸೇರಿ ಇಡೀ ನಾಟಕ ಓಡಿಸಿದರೆ ತಪ್ಪುಗಳೂ ಮಾತಿನ ಜೊತೆಗೇ ಬಾಯಿಪಾಠವಾಗುತ್ತವೆ.

ರಂಗಭೂಮಿಯವರು ಇದನ್ನು ತಾಲೀಮು ಅನ್ನುತ್ತಾರೆ. ಪೇಟೆಯಲ್ಲಿ ರಿಹರ್ಸಲ್, ಶಾಲೆಯಲ್ಲಿ ಪ್ರಾಕ್ಟೀಸ್, ಕರಾವಳಿಯ ಕಡೆ ಟ್ರಯಲ್. ಉತ್ತರ ಕರ್ನಾಟಕದಲ್ಲಿ ಗರಡಿಯ ಕಸರತ್ತಿಗೂ ತಾಲೀಮು ಅಂತಲೇ ಹೆಸರು. ಮೈಸೂರು ದಸರೆಗೆ ಮುಂಚೆ ಆನೆಗಳಿಗೆ ಕೊಡುವುದೂ ತಾಲೀಮೇ, ಅದನ್ನು ನಾಟಕದವರು ಒಮ್ಮೆ ಗಮನಿಸಬೇಕು. ಕಾಡಿನ ಶಿಬಿರದಿಂದ ಬಂದ ಆನೆಗಳನ್ನು ಮೊದಲು ಬರಿ ಮೈಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸುತ್ತಾರೆ. ದಾರಿ ಸುಮಾರು 5 ಕಿಲೋಮೀಟರ್. ದಾರಿ ಪಳಗಿದ ಮೇಲೆ ಮರಳಿನ ಮೂಟೆ ಹೊರಿಸುತ್ತಾರೆ, ದಿನ ಕಳೆದಂತೆ ಭಾರ ಏರಿಸುತ್ತಾರೆ. ಆಮೇಲೆ ಮರದ ಅಂಬಾರಿ. ಫಿರಂಗಿ ಸಿಡಿಸಿ ಸದ್ದಿಗೆ ಹೊಂದಿಸುವುದಕ್ಕೆ ಬೇರೆಯೇ ದಿನ. 750 ಕಿಲೋ ತೂಕದ ಚಿನ್ನದ ಅಂಬಾರಿ ಬೆನ್ನೇರುವುದು ಜಂಬೂ ಸವಾರಿಯ ದಿನವೇ. ದಾರಿ, ಭಾರ, ಸದ್ದು ಎಲ್ಲವನ್ನೂ ಒಂದೇ ದಿನ ಆನೆಯ ಮೇಲೆ ಹಾಕುವುದಿಲ್ಲ. ನಟರ ಮೇಲೂ ಹಾಕಬಾರದು.

ಸುಮಾರು 50 ನಿಮಿಷದ ನಾಟಕ, ಎಂಟು ಹತ್ತು ಜನ ನಟರು, ಕೆಲಸ ಮುಗಿಸಿ ಸಂಜೆ ಎರಡು ಗಂಟೆ ಕೊಡಬಲ್ಲ ತಂಡ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಬರೆದಿದ್ದೇನೆ.

ಕ್ಯಾಲೆಂಡರನ್ನು ಹಿಂದಿನಿಂದ ತುಂಬಿ

ಒಂದು ನಿಮಿಷದ ನಾಟಕಕ್ಕೆ ಒಂದು ಗಂಟೆ ತಾಲೀಮು ಅನ್ನುವ ಒರಟು ಲೆಕ್ಕ ರಂಗಭೂಮಿಯಲ್ಲಿದೆ. ಅಂದರೆ ನಮಗೆ 50 ಗಂಟೆ. ವಾರಕ್ಕೆ ನಾಲ್ಕು ಸಂಜೆ, ದಿನಕ್ಕೆ ಎರಡು ಗಂಟೆ ಅಂತ ಹಿಡಿದರೆ ಆರೂಕಾಲು ವಾರ ಬೇಕು. ಹಬ್ಬ, ಮದುವೆ, ಜ್ವರ, ಮಳೆ ಇವಕ್ಕೂ ಜಾಗ ಬಿಟ್ಟು ಎರಡು ತಿಂಗಳು ಇಟ್ಟುಕೊಳ್ಳಿ.

ಮೊದಲು ಪ್ರದರ್ಶನದ ದಿನ ಬರೆಯಿರಿ. ಅದರ ಹಿಂದಿನ ದಿನ ಗ್ರ್ಯಾಂಡ್ ರಿಹರ್ಸಲ್. ಅದರ ಹಿಂದಿನ ದಿನ ಬೆಳಕು, ಧ್ವನಿಯ ತಾಲೀಮು. ಅದಕ್ಕೂ ಮುಂಚಿನ ವಾರ ಪೂರ್ತಿ ನಾಟಕದ ಓಟ, ಅಂದರೆ ಎಲ್ಲೂ ನಿಲ್ಲಿಸದೆ ಆಡುವುದು. ಪ್ರದರ್ಶನಕ್ಕೆ ಮೂರು ವಾರ ಇರುವಾಗ ‘ಪುಸ್ತಕ ಕೆಳಗಿಡುವ ದಿನ’ ಅಂತ ಒಂದು ದಿನಕ್ಕೆ ಕೆಂಪು ಗುರುತು ಹಾಕಿ, ಅವತ್ತಿನಿಂದ ಪ್ರತಿ ನೋಡದೆ ಆಡಬೇಕು. ಉಳಿದ ದಿನಗಳು ಓದಿಗೆ, ಚಲನೆಗೆ, ದೃಶ್ಯಗಳಿಗೆ. ಹೀಗೆ ಹಿಂದಿನಿಂದ ಬಂದರೆ ಕೈಯಲ್ಲಿ ನಿಜಕ್ಕೂ ಎಷ್ಟು ದಿನ ಇದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಮುಂದಿನಿಂದ ಎಣಿಸಿದವರಿಗೆ ‘ಇನ್ನೂ ಬೇಕಾದಷ್ಟು ಟೈಮ್ ಇದೆ’ ಅನ್ನಿಸುತ್ತಲೇ ಇರುತ್ತದೆ.

ನಾಟಕಕಾರರ ಅನುಮತಿಯ ಕೆಲಸವನ್ನೂ ಈ ಹಂತದಲ್ಲೇ ಮುಗಿಸಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಯ ಹಕ್ಕು ಉಳಿಯುತ್ತದೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡುವ ನಾಟಕಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ. ಆದರೂ ಬರೆದವರಿಗೆ, ಅವರಿಲ್ಲದಿದ್ದರೆ ಮನೆಯವರಿಗೆ, ಒಂದು ಮಾತು ಕೇಳುವುದು ಮರ್ಯಾದೆ. ಮಾತು ಕತ್ತರಿಸುವ ಇರಾದೆ ಇದ್ದರಂತೂ ಕೇಳಲೇಬೇಕು.

ಕೂತು ಓದುವ ವಾರ

ಮೊದಲ ನಾಲ್ಕೈದು ಸಂಜೆ ಯಾರೂ ಎದ್ದು ನಿಲ್ಲುವುದು ಬೇಡ. ಎಲ್ಲರೂ ದುಂಡಗೆ ಕೂತು ಜೋರಾಗಿ ಓದಿ. ಎಲ್ಲರ ಕೈಯಲ್ಲೂ ಒಂದೇ ಪ್ರತಿ, ಒಂದೇ ಪುಟಸಂಖ್ಯೆ ಇರಲಿ. ಪೆನ್ಸಿಲ್ ಕಡ್ಡಾಯ. ಪೆನ್ನಲ್ಲಿ ಬರೆದದ್ದನ್ನು ಅಳಿಸಲು ಆಗುವುದಿಲ್ಲ, ತಾಲೀಮಿನಲ್ಲಿ ಅಳಿಸುವುದೇ ಜಾಸ್ತಿ.

ಮೊದಲ ಓದಿನಲ್ಲಿ ಅಭಿನಯ ಬೇಡ. ಬರೆದದ್ದನ್ನು ಬರೆದ ಹಾಗೆ ಓದಲಿ. ಎರಡನೇ ದಿನದಿಂದ ಪ್ರಶ್ನೆ ಶುರುವಾಗಲಿ. ಈ ದೃಶ್ಯದಲ್ಲಿ ಈ ಪಾತ್ರಕ್ಕೆ ಏನು ಬೇಕು? ಯಾರು ಅಡ್ಡ ಬರುತ್ತಿದ್ದಾರೆ? ಬರುವಾಗ ಇದ್ದ ಮನಸ್ಸು ಹೋಗುವಾಗ ಹೇಗೆ ಬದಲಾಗಿದೆ? ಅಪ್ಪನ ಪಾತ್ರ ‘ಊಟ ಮಾಡಿದ್ಯಾ’ ಅಂತ ಕೇಳುತ್ತದೆ ಅಂದುಕೊಳ್ಳಿ. ಅದು ಊಟದ ವಿಚಾರವೋ, ನಿನ್ನೆಯ ಜಗಳಕ್ಕೆ ರಾಜಿ ಮಾಡುವ ಮಾತೋ? ಇದನ್ನು ಕೂತಾಗಲೇ ಮಾತಾಡಿಕೊಂಡರೆ ಆಮೇಲೆ ‘ಇನ್ನೂ ಭಾವ ಹಾಕಿ’ ಅಂತ ಕೂಗುವ ಅಗತ್ಯ ಬೀಳುವುದಿಲ್ಲ.

ಉಚ್ಚಾರಣೆಯನ್ನೂ ಇಲ್ಲೇ ತಿದ್ದಿ. ‘ಅ’ಕಾರ ‘ಹ’ಕಾರ, ‘ಸ’ ‘ಶ’, ಮಹಾಪ್ರಾಣ ಇವೆಲ್ಲ ಪೌರಾಣಿಕ ನಾಟಕದಲ್ಲಿ ಮುಖ್ಯ. ಹಳ್ಳಿಯ ಕಥೆಯಾದರೆ ಯಾವ ಸೀಮೆಯ ಕನ್ನಡ ಅಂತ ತೀರ್ಮಾನಿಸಿ. ಒಂದೇ ಮನೆಯ ಅಣ್ಣ ಧಾರವಾಡದವನ ಹಾಗೆ, ತಮ್ಮ ಮಂಡ್ಯದವನ ಹಾಗೆ ಮಾತಾಡಿದರೆ ನೋಡುವವರ ನಂಬಿಕೆ ಕಳಚುತ್ತದೆ. ಆ ಸೀಮೆಯ ಮಾತು ತಂಡದಲ್ಲಿ ಯಾರಿಗೂ ಬಾರದಿದ್ದರೆ ಅನುಕರಣೆ ಬೇಡ, ಎಲ್ಲರಿಗೂ ಬರುವ ಸರಳ ಕನ್ನಡವೇ ಇರಲಿ. ಇನ್ನೊಂದು ಸೀಮೆಯ ಮಾತನ್ನು ಅರೆಬರೆ ಆಡಿದರೆ ಆ ಕಡೆಯವರಿಗೆ ನೋವಾಗುತ್ತದೆ.

ಒಮ್ಮೆ ಗಡಿಯಾರ ಇಟ್ಟು ಓದಿ. ಓಡಾಟ, ಮೌನ, ಹಾಡು, ದೃಶ್ಯ ಬದಲಾವಣೆ ಸೇರಿ ರಂಗದ ಮೇಲೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಕತ್ತರಿಸುವುದಿದ್ದರೆ ಈ ವಾರವೇ ಕತ್ತರಿಸಿ. ಬಾಯಿಪಾಠವಾದ ಮಾತನ್ನು ಆಮೇಲೆ ತೆಗೆದರೆ ಅದು ಪ್ರದರ್ಶನದ ದಿನ ತಾನಾಗಿ ಬಾಯಿಗೆ ಬಂದುಬಿಡುತ್ತದೆ.

ನಾಟಕವನ್ನು ತುಂಡು ಮಾಡಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ.

ದೃಶ್ಯಗಳನ್ನು ಇನ್ನೂ ಸಣ್ಣ ತುಂಡುಗಳಾಗಿ ಒಡೆಯಿರಿ. ಹೊಸಬರೊಬ್ಬರು ಒಳಗೆ ಬಂದಾಗ, ಇದ್ದವರು ಹೋದಾಗ, ಮಾತಿನ ವಿಷಯ ಹೊರಳಿದಾಗ ಹೊಸ ತುಂಡು ಶುರು. 50 ನಿಮಿಷದ ನಾಟಕದಲ್ಲಿ ಹದಿನಾಲ್ಕು ಹದಿನೈದು ತುಂಡು ಸಿಗುತ್ತವೆ, ಒಂದೊಂದು ಮೂರು ನಾಲ್ಕು ನಿಮಿಷದ್ದು. ಅವಕ್ಕೆ ನಂಬರ್ ಕೊಡಿ, ಹೆಸರನ್ನೂ ಕೊಡಿ: ‘ಕಾಗದ ಬಂತು’, ‘ಅಕ್ಕನ ಸಿಟ್ಟು’, ‘ದೀಪ ಆರಿತು’ ಹೀಗೆ. ಹೆಸರಿದ್ದರೆ ಎಲ್ಲರಿಗೂ ನೆನಪಿರುತ್ತದೆ.

ಒಂದು ದೊಡ್ಡ ಹಾಳೆಯಲ್ಲಿ ಎಡಕ್ಕೆ ತುಂಡುಗಳ ಹೆಸರು, ಮೇಲೆ ನಟರ ಹೆಸರು. ಯಾರು ಯಾವ ತುಂಡಿನಲ್ಲಿದ್ದಾರೋ ಆ ಚೌಕಕ್ಕೆ ಗುರುತು. ಈ ಪಟ್ಟಿಯಿಂದ ಎರಡು ಲಾಭ. ಇವತ್ತು ಐದನೇ, ಆರನೇ ತುಂಡು ಅಂದರೆ ಯಾರು ಬರಬೇಕು, ಯಾರು ಮನೆಯಲ್ಲಿರಬಹುದು ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಎರಡು ಮಾತಿನ ಪಾತ್ರದವರನ್ನು ದಿನಾ ಕರೆಸಿ ಮೂಲೆಯಲ್ಲಿ ಕೂರಿಸುವುದು ಅನ್ಯಾಯ. ಹಾಗೆ ಮಾಡಿದರೆ ಎರಡನೇ ವಾರಕ್ಕೆ ಅವರು ಬರುವುದನ್ನು ನಿಲ್ಲಿಸುತ್ತಾರೆ, ಬೇಕಾದ ದಿನವೂ ಸಿಗುವುದಿಲ್ಲ. ಇನ್ನೊಂದು, ಪ್ರತಿ ತುಂಡಿನ ಮುಂದೆ ಎಷ್ಟು ಸಲ ಆಯಿತು ಅಂತ ಗೀಟು ಹಾಕುತ್ತಾ ಹೋಗಬಹುದು. ಕೊನೆಯ ತುಂಡುಗಳ ಮುಂದೆ ಗೀಟು ಕಡಿಮೆ ಇದ್ದರೆ ಕಣ್ಣಿಗೆ ಹೊಡೆಯುತ್ತದೆ.

ಪ್ರತಿ ರಾತ್ರಿ ವಾಟ್ಸಾಪಿನಲ್ಲಿ ಒಂದೇ ಸಂದೇಶ ಹೋಗಲಿ: ನಾಳೆ 7ಕ್ಕೆ, ಎಂಟನೇ ಮತ್ತು ಒಂಬತ್ತನೇ ತುಂಡು, ಬರಬೇಕಾದವರು ಇಷ್ಟು ಜನ, ಕೆಲಸ ಇಂಥದ್ದು. 7 ಅಂದರೆ 7ಕ್ಕೆ ಶುರು, ಒಬ್ಬರೇ ಬಂದಿದ್ದರೂ ಶುರು. ಬೆಂಗಳೂರಿನ ರಂಗಶಂಕರ ನಾಟಕಮಂದಿರ 2004ರಲ್ಲಿ ತೆರೆದಾಗಿನಿಂದ ತಡವಾಗಿ ಬಂದ ಪ್ರೇಕ್ಷಕರನ್ನು ಒಳಗೆ ಬಿಡದ ನಿಯಮ ಇಟ್ಟುಕೊಂಡಿದೆ. ಪ್ರೇಕ್ಷಕರಿಂದಲೇ ಅಷ್ಟು ಶಿಸ್ತು ಕೇಳುವ ಕಲೆ ಇದು. ಆಡುವವರು ಅದಕ್ಕಿಂತ ಒಂದು ಹೆಜ್ಜೆ ಮುಂದಿರಬೇಕು.

ಎದ್ದು ನಿಲ್ಲುವ ದಿನಗಳು

ಪ್ರದರ್ಶನದ ರಂಗವನ್ನು ಮೊದಲೇ ಅಳೆದು ಬನ್ನಿ. ಅಗಲ, ಆಳ, ವಿಂಗ್ (ನಟರು ಕಾಯುವ ಬದಿಯ ಮರೆ) ಎಲ್ಲಿದೆ, ಮೆಟ್ಟಿಲು ಯಾವ ಕಡೆ, ಹಿಂದಿನಿಂದ ಆ ಕಡೆಗೆ ದಾಟಲು ದಾರಿ ಇದೆಯೇ. ಅದೇ ಅಳತೆಯನ್ನು ತಾಲೀಮಿನ ಜಾಗದಲ್ಲಿ ಗುರುತು ಮಾಡಿ. ಸಿಮೆಂಟ್ ನೆಲಕ್ಕೆ ಸೀಮೆಸುಣ್ಣ ಸಾಕು. ದೇವಸ್ಥಾನದ ಅಂಗಳವಾದರೆ ರಂಗೋಲಿ ಪುಡಿ. ಬಾಗಿಲಿಗೆ ಎರಡು ಕುರ್ಚಿ, ಮಂಚಕ್ಕೆ ಒಂದು ಬೆಂಚು. ಸಾಮಾನು ಯಾವುದಾದರೂ ಆಗಲಿ, ಅಳತೆ ಮಾತ್ರ ನಿಜದ್ದಿರಲಿ. ದೊಡ್ಡ ಹಾಲಿನಲ್ಲಿ ಹತ್ತು ಹೆಜ್ಜೆ ನಡೆದು ರೂಢಿಯಾದವರು ಸಣ್ಣ ವೇದಿಕೆಯಲ್ಲಿ ಮೂರು ಹೆಜ್ಜೆಗೇ ಗೋಡೆ ಮುಟ್ಟುತ್ತಾರೆ.

ಎಡ ಬಲ ಅಂದರೆ ಪ್ರೇಕ್ಷಕರಿಗೆ ಮುಖ ಮಾಡಿ ನಿಂತ ನಟರ ಎಡ ಬಲ. ಇದನ್ನು ಮೊದಲ ದಿನವೇ ಹೇಳಿಬಿಡಿ. ದಿನಕ್ಕೆ ಮೂರು ತುಂಡುಗಳ ಚಲನೆ ಕೂರಿಸಿ: ಎಲ್ಲಿಂದ ಬರುವುದು, ಯಾವ ಮಾತಿಗೆ ಏಳುವುದು, ಎಲ್ಲಿ ಕೂರುವುದು, ಯಾವ ಕಡೆ ಹೋಗುವುದು. ನಟರು ಅದನ್ನು ತಮ್ಮ ಪ್ರತಿಯಲ್ಲಿ ಆ ಮಾತಿನ ಪಕ್ಕದಲ್ಲೇ ಬರೆದುಕೊಳ್ಳಲಿ.

ಹವ್ಯಾಸಿ ನಾಟಕಗಳಲ್ಲಿ ಎರಡು ರೋಗ ಸಾಮಾನ್ಯ. ಒಂದು, ಎಲ್ಲರೂ ಗ್ರೂಪ್ ಫೋಟೋಕ್ಕೆ ನಿಂತ ಹಾಗೆ ಸಾಲಾಗಿ ನಿಲ್ಲುವುದು. ಇನ್ನೊಂದು, ಮೇಲಿನಿಂದ ತೂಗುಬಿಟ್ಟ ಮೈಕಿನ ಕೆಳಗೆ ಬಂದು ಗುಂಪಾಗುವುದು. ಮೊದಲನೆಯದಕ್ಕೆ ಒಬ್ಬರನ್ನು ಕೂರಿಸಿ, ಒಬ್ಬರನ್ನು ಹಿಂದಕ್ಕೆ ಕಳಿಸಿ, ಮೂವರಿದ್ದರೆ ತ್ರಿಕೋನ ಮಾಡಿ. ಎರಡನೆಯದಕ್ಕೆ ದನಿ ಬೆಳೆಸುವುದೇ ಮದ್ದು. ತಾಲೀಮಿನಲ್ಲಿ ಯಾವತ್ತೂ ಮೈಕ್ ಬೇಡ. ಒಬ್ಬರು ಕೊನೆಯ ಸಾಲು ಬರುವಷ್ಟು ದೂರ ಹೋಗಿ ನಿಂತು, ಕೇಳದಿದ್ದಾಗ ಕೈ ಎತ್ತಲಿ. ಕೂಗುವುದು ಬೇಡ. ವಾಕ್ಯದ ಕೊನೆಯ ಪದ ನುಂಗದಿದ್ದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ, ಹೌದೋ ಅಲ್ಲವೋ ಅನ್ನುವುದೂ ಅಲ್ಲೇ ಇರುತ್ತದೆ. ಅದೇ ಕೇಳಿಸದಿದ್ದರೆ ಮಾತಿನ ಅರ್ಥವೇ ತಲೆಕೆಳಗಾಗುತ್ತದೆ.

ಮಾತು ಬಾಯಿಗೆ ಬರುವುದು

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ, ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಅನ್ನುವುದನ್ನು 1885ರಲ್ಲಿ ಪ್ರಕಟಿಸಿದ. ಒಂದೇ ದಿನ ಗಂಟೆಗಟ್ಟಲೆ ಉರುಹೊಡೆಯುವುದಕ್ಕಿಂತ ಅಷ್ಟೇ ಹೊತ್ತನ್ನು ಹಲವು ದಿನಗಳಿಗೆ ಹಂಚಿದರೆ ಚೆನ್ನಾಗಿ ಉಳಿಯುತ್ತದೆ ಅನ್ನುವುದನ್ನೂ ಕಂಡುಕೊಂಡ. ಭಾನುವಾರ ಇಡೀ ದಿನ ಕೂತು ಕಲಿತೆ ಅನ್ನುವ ನಟನ ಮಾತು ಬುಧವಾರ ತೊದಲುವುದು ಇದಕ್ಕೇ.

ದಿನಕ್ಕೆ ಒಂದು ತುಂಡು ಕಲಿಯಿರಿ. ನಿಮ್ಮ ಮಾತಿನ ಮೇಲೆ ಕಾಗದ ಮುಚ್ಚಿ. ಎದುರಿನವರ ಮಾತು ಓದಿ, ನಿಮ್ಮದನ್ನು ಜೋರಾಗಿ ಹೇಳಿ, ಆಮೇಲಷ್ಟೇ ಕಾಗದ ಸರಿಸಿ ನೋಡಿ. ಓದುತ್ತಲೇ ಇದ್ದರೆ ಬಂದಂತೆ ಅನ್ನಿಸುತ್ತದೆ, ನೆನಪು ಮಾಡಿಕೊಂಡಾಗಲೇ ನಿಜವಾಗಿ ಕೂರುತ್ತದೆ. ನಿಮ್ಮ ಮಾತಿನಷ್ಟೇ ಮುಖ್ಯ ಅದಕ್ಕೆ ಮುಂಚೆ ಬರುವ ಎದುರಿನವರ ಕೊನೆಯ ಎರಡು ಪದ. ಅದು ನಿಮ್ಮ ಕ್ಯೂ. ಫೋನಿನಲ್ಲಿ ಎದುರಿನ ಪಾತ್ರದ ಮಾತು ಮಾತ್ರ ರೆಕಾರ್ಡ್ ಮಾಡಿ, ನಡುವೆ ನಿಮ್ಮ ಮಾತಿಗೆ ಬೇಕಾದಷ್ಟು ಖಾಲಿ ಬಿಡಿ. ಅಡುಗೆ ಮಾಡುವಾಗ, ನಡೆಯುವಾಗ ಅದಕ್ಕೆ ಉತ್ತರ ಹೇಳುತ್ತಿರಿ. ನಡೆ ಕೂರಿಸಿದ ತುಂಡುಗಳನ್ನು ನಡೆಯುತ್ತಲೇ ಕಲಿತರೆ ಬೇಗ ಬರುತ್ತದೆ, ಕುರ್ಚಿಯಿಂದ ಏಳುವಾಗ ಮಾತೂ ಜೊತೆಗೆ ಏಳುತ್ತದೆ.

ಕೆಂಪು ಗುರುತು ಹಾಕಿದ ದಿನ ಪುಸ್ತಕ ಕೆಳಗಿಡಲೇಬೇಕು. ಆ ದಿನ ನಾಟಕ ಕೆಟ್ಟದಾಗಿ ಹೋಗುತ್ತದೆ. ಹೋಗಲಿ ಬಿಡಿ, ತಾಲೀಮು ಇರುವುದೇ ಅದಕ್ಕೆ. ಪ್ರಾಂಪ್ಟರ್ ಒಬ್ಬರು ಪ್ರತಿ ಹಿಡಿದು ಕೂರಲಿ. ನಟರು ‘ಮಾತು’ ಅಂತ ಕೇಳಿದಾಗ ಮಾತ್ರ ಮೊದಲ ಎರಡು ಪದ ಕೊಡಲಿ. ನಟರು ಮೌನದಲ್ಲಿ ಅಭಿನಯಿಸುತ್ತಿರುವಾಗ ಮಾತು ಮರೆತಿದ್ದಾರೆ ಅಂದುಕೊಂಡು ಹೇಳಿಕೊಟ್ಟರೆ ಆ ಮೌನ ಸತ್ತುಹೋಗುತ್ತದೆ.

ಹಿಂದಿನಿಂದ ಮುಂದಕ್ಕೆ

ಚಲನೆ ಕೂರಿಸಿದ ಮೇಲೆ ತುಂಡುಗಳನ್ನು ತಿದ್ದುವ ವಾರಗಳು ಬರುತ್ತವೆ. ತಾಲೀಮಿನ ಜೀವ ಇರುವುದು ಇಲ್ಲೇ. ನನ್ನ ಸಲಹೆ, ಮೊದಲ ಸಂಜೆ ಕೊನೆಯ ತುಂಡನ್ನೇ ಎತ್ತಿಕೊಳ್ಳಿ. ಎಲ್ಲರ ಮೈಯಲ್ಲಿ ಹುರುಪು ಇರುವ ಹೊತ್ತು ಅದಕ್ಕೆ ಸಿಗಲಿ. ಆಮೇಲೆ ಒಂದೊಂದೇ ತುಂಡು ಹಿಂದಕ್ಕೆ ಬನ್ನಿ. ನಾಟಕ ಎಲ್ಲಿಗೆ ಮುಟ್ಟುತ್ತದೆ ಅನ್ನುವುದು ನಟರಿಗೆ ಗೊತ್ತಾದರೆ ಮೊದಲ ದೃಶ್ಯದ ಸಣ್ಣ ಮಾತಿಗೂ ತೂಕ ಬರುತ್ತದೆ.

ಒಂದು ತುಂಡನ್ನು ಹೀಗೆ ಮಾಡಿ. ಒಮ್ಮೆ ತಡೆಯಿಲ್ಲದೆ ಆಡಲಿ. ನಿರ್ದೇಶಕರು ಎರಡೇ ನಿಮಿಷ ಮಾತಾಡಲಿ, ಒಂದೇ ಒಂದು ವಿಷಯ ಹೇಳಲಿ. ಮತ್ತೆ ಆಡಲಿ. ಇನ್ನೊಂದು ವಿಷಯ. ಮೂರನೇ ಸಲ ಆಡಲಿ. ಅಲ್ಲಿಗೆ ಬಿಟ್ಟು ಮುಂದಿನದಕ್ಕೆ ಹೋಗಿ. ಹತ್ತು ತಪ್ಪನ್ನು ಒಟ್ಟಿಗೆ ಹೇಳಿದರೆ ಯಾರಿಗೂ ಒಂದೂ ನೆನಪಿರುವುದಿಲ್ಲ. ಎರಡು ತುಂಡು ಸೇರುವ ಜಾಗವನ್ನು ಬೇರೆಯಾಗಿ ಮಾಡಿ: ಹಿಂದಿನದರ ಕೊನೆಯ ನಾಲ್ಕು ಮಾತು, ಮುಂದಿನದರ ಮೊದಲ ನಾಲ್ಕು ಮಾತು. ನಾಟಕ ಕುಂಟುವುದು ಈ ಬೆಸುಗೆಗಳಲ್ಲಿ.

ನಿರ್ದೇಶಕರಿಗೆ ಒಂದು ಮಾತು. ‘ಹೀಗೆ ಮಾಡು’ ಅಂತ ನೀವೇ ಆಡಿ ತೋರಿಸುವುದನ್ನು ಆದಷ್ಟು ತಡೆದುಕೊಳ್ಳಿ. ನಟ ನಿಮ್ಮ ನಕಲು ಮಾಡುತ್ತಾನೆ, ಆ ನಕಲು ನಿಮ್ಮಷ್ಟು ಚೆನ್ನಾಗಿರುವುದಿಲ್ಲ, ಅವನ ಸ್ವಂತದ್ದೂ ಹೋಗುತ್ತದೆ. ‘ಅವಳು ನಿನ್ನ ಕೈಯಿಂದ ಆ ಕಾಗದ ಕಿತ್ತುಕೊಳ್ಳಬಾರದು, ತಡಿ’ ಅನ್ನಿ. ಮೈ ತಾನಾಗಿ ಬದಲಾಗುತ್ತದೆ. ಹಗಲೆಲ್ಲ ದುಡಿದು ಬಂದವರನ್ನು ಎಲ್ಲರ ಮುಂದೆ ಬೈಯಬೇಡಿ. ನಟರು ಒಬ್ಬರಿಗೊಬ್ಬರು ಪಾಠ ಹೇಳುವುದಕ್ಕೂ ಅವಕಾಶ ಕೊಡಬೇಡಿ, ತಂಡ ಒಡೆಯುವುದು ಅಲ್ಲಿಂದಲೇ.

ಬೇಸರ ಬಂದ ಸಂಜೆಗಳಿಗೆ ಮೂರು ಅಭ್ಯಾಸ ಇಟ್ಟುಕೊಳ್ಳಿ. ಒಂದು ದಿನ ಇಡೀ ನಾಟಕದ ಮಾತನ್ನು ಭಾವವಿಲ್ಲದೆ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಹೇಳಿ. ಯಾರ ಕ್ಯೂ ಸಡಿಲ ಅನ್ನುವುದು ಕೂಡಲೇ ಗೊತ್ತಾಗುತ್ತದೆ. ಇನ್ನೊಂದು ದಿನ ಬಾಯಿ ಮುಚ್ಚಿ ಬರಿ ಚಲನೆ ಮಾಡಿ. ಮಾತಿಲ್ಲದೆಯೂ ಕಥೆ ತಿಳಿಯುತ್ತದೆಯೇ ನೋಡಿ. ಮತ್ತೊಂದು ದಿನ ಮಾತಾಡದೆ ಇರುವವರನ್ನೇ ಗಮನಿಸಿ. ಎದುರಿನವರು ಮಾತಾಡುವಾಗ ಕೇಳುತ್ತಿರುವ ಮುಖ, ತನ್ನ ಸರದಿಗೆ ಕಾಯುತ್ತಿರುವ ಮುಖ ಬೇರೆ ಬೇರೆ. ಪ್ರೇಕ್ಷಕರು ಅದನ್ನು ತಕ್ಷಣ ಹಿಡಿಯುತ್ತಾರೆ. ಹವ್ಯಾಸಿ ನಾಟಕವನ್ನು ಎತ್ತುವುದೂ ಬೀಳಿಸುವುದೂ ಈ ಕೇಳುವಿಕೆಯೇ ಅನ್ನುವುದು ನನ್ನ ಅನುಭವ.

ಹೊಡೆದಾಟ, ಕಪಾಳಮೋಕ್ಷ, ಬೀಳುವುದು ಇದ್ದರೆ ಎಣಿಸಿಕೊಂಡು ನಿಧಾನಕ್ಕೆ ಕಲಿಯಿರಿ. ಒಂದಕ್ಕೆ ಕೈ ಎತ್ತು, ಎರಡಕ್ಕೆ ಬೀಸು, ಮೂರಕ್ಕೆ ಆತ ತಿರುಗಲಿ, ಸದ್ದು ವಿಂಗಿನಿಂದ ಬರಲಿ. ವೇಗ ಆಮೇಲೆ ತಾನಾಗಿ ಬರುತ್ತದೆ. ಆವೇಶದಲ್ಲಿ ನಿಜವಾಗಿ ಹೊಡೆಯುವುದನ್ನು ಮೊದಲ ಸಲವೇ ನಿಲ್ಲಿಸಿ. ಹಾಡಿನ ನಾಟಕವಾದರೆ ಹಾರ್ಮೋನಿಯಂ ಮೇಷ್ಟ್ರು ಮೊದಲ ವಾರದಿಂದಲೇ ಇರಬೇಕು. ಹಳೇ ಮೈಸೂರಿನ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಮೇಷ್ಟ್ರೇ ಹಾಡು, ಮಾತು, ನಡೆ ಮೂರನ್ನೂ ಕಲಿಸುತ್ತಾರೆ. ಶ್ರುತಿ ಯಾವುದು ಅಂತ ನಟರ ಗಂಟಲು ನೋಡಿ ಗೊತ್ತುಮಾಡುವವರೂ ಅವರೇ. ಕೊನೆಯ ವಾರ ಬೇರೆಯವರನ್ನು ಕರೆತಂದರೆ ಹಾಡೆಲ್ಲ ಅಡ್ಡಾದಿಡ್ಡಿಯಾಗುತ್ತದೆ.

ಬಟ್ಟೆ, ಸಾಮಾನು

ಪ್ರದರ್ಶನಕ್ಕೆ ಎರಡು ವಾರ ಇರುವಾಗಲೇ ನಿಜವಾದ ಸಾಮಾನು ಕೈಗೆ ಬರಲಿ. ಲೋಟದಲ್ಲಿ ನೀರಿರಲಿ, ಕಾಗದದಲ್ಲಿ ಅಕ್ಷರವಿರಲಿ, ಬೀಗ ತೆಗೆಯಲು ಬರಲಿ. ಕಚ್ಚೆ ಪಂಚೆ ಉಟ್ಟು ಅಭ್ಯಾಸವಿಲ್ಲದವರು ತಾಲೀಮಿಗೆ ಅದನ್ನೇ ಉಟ್ಟು ಬರಲಿ. ಜೀನ್ಸಿನ ನಡಿಗೆ ಬೇರೆ, ಪಂಚೆಯ ನಡಿಗೆ ಬೇರೆ. ಕಿರೀಟ ಇಟ್ಟವರು ಕತ್ತು ತಿರುಗಿಸುವುದನ್ನು, ಗದೆ ಹಿಡಿದವರು ಅದನ್ನು ಎಲ್ಲಿಡಬೇಕು ಅನ್ನುವುದನ್ನು ಕಲಿಯಬೇಕು. ಬಾಡಿಗೆ ಡ್ರೆಸ್ಸು ಪ್ರದರ್ಶನದ ದಿನವೇ ಬರುವುದಾದರೆ ಅದೇ ತೂಕದ ಏನಾದರೂ ಕಟ್ಟಿಕೊಂಡು ಆಡಿ. ಅಂಟಿಸಿದ ಮೀಸೆಯಲ್ಲಿ ಒಮ್ಮೆಯಾದರೂ ಮಾತಾಡಿ ನೋಡಬೇಕು, ನಗುವಾಗ ಕಿತ್ತು ಬರುತ್ತದೆ.

ಓಟ, ಬೆಳಕು, ಗ್ರ್ಯಾಂಡ್ ರಿಹರ್ಸಲ್

ಪ್ರದರ್ಶನಕ್ಕೆ ಸುಮಾರು ಹತ್ತು ದಿನ ಇರುವಾಗ ಪೂರ್ತಿ ನಾಟಕದ ಓಟ ಶುರು ಮಾಡಿ. ಇನ್ನು ಮುಂದೆ ಏನೇ ಆದರೂ ನಿಲ್ಲಿಸುವಂತಿಲ್ಲ. ಮಾತು ಮರೆತರೆ ಎದುರಿನವರು ಎತ್ತಿಕೊಳ್ಳಬೇಕು, ಲೋಟ ಬಿದ್ದರೆ ಪಾತ್ರವೇ ಬಗ್ಗಿ ತೆಗೆಯಬೇಕು. ಪ್ರತಿ ಓಟದ ಸಮಯವನ್ನು ದೃಶ್ಯವಾರು ಬರೆದಿಡಿ. ಮೂರನೇ ದೃಶ್ಯ ದಿನಾ ಒಂದೊಂದು ನಿಮಿಷ ಉದ್ದವಾಗುತ್ತಿದ್ದರೆ ಯಾರೋ ತಮ್ಮ ಮೌನವನ್ನು ಇಷ್ಟಪಡಲು ಶುರುಮಾಡಿದ್ದಾರೆ ಅಂತ ಅರ್ಥ. ಓಟದ ಮರುದಿನ ಮತ್ತೆ ತುಂಡುಗಳಿಗೆ ಬನ್ನಿ, ನಿನ್ನೆ ಕುಂಟಿದ್ದನ್ನು ಮಾತ್ರ ಮಾಡಿ.

ಬೆಳಕು, ಧ್ವನಿಯ ತಾಲೀಮಿನಲ್ಲಿ ನಟರು ಪೂರ್ತಿ ಆಡಬೇಕಿಲ್ಲ. ಬೆಳಕು ಬದಲಾಗುವ ಜಾಗಕ್ಕೆ ಎರಡು ಮಾತು ಮುಂಚೆ ಶುರು ಮಾಡಿ, ಬದಲಾವಣೆ ಮುಗಿಸಿ, ಮುಂದಿನ ಬದಲಾವಣೆಗೆ ಹಾರಿ. ಬೆಳಕಿನವರ ಹತ್ತಿರ, ಸಂಗೀತದವರ ಹತ್ತಿರ ನಂಬರ್ ಹಾಕಿದ ಒಂದೇ ಪಟ್ಟಿ ಇರಲಿ. ಕತ್ತಲಲ್ಲಿ ಸಾಮಾನು ಬದಲಿಸುವುದನ್ನು ಕತ್ತಲಲ್ಲೇ ಮಾಡಿ ನೋಡಿ. ಕುರ್ಚಿ ಯಾರು ತೆಗೆಯುತ್ತಾರೆ, ಯಾವ ಕಡೆ ಒಯ್ಯುತ್ತಾರೆ ಅನ್ನುವುದು ಹೆಸರು ಸಮೇತ ಗೊತ್ತಾಗಲಿ. ಈ ದಿನ ನಟರು ತಾಳ್ಮೆಯಿಂದ ನಿಲ್ಲಬೇಕು, ಇದು ಹಿಂದೆ ನಿಂತು ದುಡಿಯುವವರ ದಿನ. ಕರೆಂಟು ಹೋದರೆ ಏನು ಮಾಡುವುದು ಅಂತಲೂ ಇಲ್ಲೇ ಮಾತಾಡಿಕೊಳ್ಳಿ. ಜನರೇಟರ್ ಶುರುವಾಗುವವರೆಗೆ ಇದ್ದಲ್ಲೇ ನಿಲ್ಲುವುದೋ, ದನಿ ಏರಿಸಿ ಮುಂದುವರಿಯುವುದೋ, ಯಾವುದಾದರೂ ಒಂದನ್ನು ಎಲ್ಲರೂ ಒಪ್ಪಿರಬೇಕು.

ಗ್ರ್ಯಾಂಡ್ ರಿಹರ್ಸಲ್ ಪ್ರದರ್ಶನದ ಹೊತ್ತಿಗೇ ಶುರುವಾಗಲಿ. ಪೂರ್ತಿ ವೇಷ, ಪೂರ್ತಿ ಮೇಕಪ್, ನಾಟಕ ಶುರುವಾಗುವ ಮುಂಚಿನ ಮೂರು ಬೆಲ್. ನಾಟಕವನ್ನು ಹಿಂದೆ ನೋಡದ ನಾಲ್ಕೈದು ಜನರನ್ನು ಕೂರಿಸಿ. ಅವರು ನಕ್ಕಾಗ ನಗು ಇಳಿಯುವವರೆಗೆ ಕಾಯುವುದನ್ನು ನಟರು ಕಲಿಯುವುದು ಅವತ್ತೇ. ಮುಗಿದ ಮೇಲೆ ನಿರ್ದೇಶಕರು ದೊಡ್ಡ ಬದಲಾವಣೆ ಏನನ್ನೂ ಹೇಳಬಾರದು. ಒಂದು ರಾತ್ರಿಯಲ್ಲಿ ಕೂರಿಸಲಾಗದ್ದನ್ನು ಹೇಳಿದರೆ ಭಯ ಮಾತ್ರ ಉಳಿಯುತ್ತದೆ.

ಬೇರೆ ಥರದ ತಂಡಗಳಿಗೆ

ಯಕ್ಷಗಾನದವರು ಇಷ್ಟೆಲ್ಲ ತಾಲೀಮು ಮಾಡುವುದಿಲ್ಲ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಮೇಳದ ಕಲಾವಿದರು ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ವೇಷ ಕಟ್ಟುತ್ತಾ ಪ್ರಸಂಗದ ನಡೆಯನ್ನು ಮಾತಾಡಿಕೊಂಡು ನೇರವಾಗಿ ರಂಗಕ್ಕೆ ಹೋಗುವುದು ನಿಜ. ಆದರೆ ಅವರಿಗೆ ತಾಳ, ಹೆಜ್ಜೆ, ಪುರಾಣ ಎಲ್ಲ ವರ್ಷಗಟ್ಟಲೆ ಕಲಿತು ಮೈಗೂಡಿರುತ್ತದೆ, ಪದ್ಯದಿಂದ ಪದ್ಯಕ್ಕೆ ನಡೆಸಲು ಭಾಗವತರಿರುತ್ತಾರೆ. ಮಾತನ್ನು ಆ ಕ್ಷಣದಲ್ಲೇ ಕಟ್ಟುವ ಕಲೆ ಅದು. ಬರೆದ ಮಾತಿನ ನಾಟಕಕ್ಕೆ ಆ ದಾರಿ ಹೊಂದುವುದಿಲ್ಲ.

ವಿದೇಶದ ಕನ್ನಡ ಕೂಟಗಳಲ್ಲಿ ವಾರಾಂತ್ಯ ಮಾತ್ರ ಸೇರಲು ಆಗುತ್ತದೆ. ಅಂಥವರು ಕೂತು ಓದುವುದನ್ನೂ ಮಾತಿನ ಓಟವನ್ನೂ ವಾರದ ನಡುವೆ ವಿಡಿಯೋ ಕರೆಯಲ್ಲಿ ಮುಗಿಸಿ, ಸೇರಿದ ದಿನವನ್ನು ಪೂರ್ತಿ ಚಲನೆಗೆ ಇಟ್ಟುಕೊಳ್ಳಲಿ. ಒಟ್ಟಿಗೆ ಹಾಡುವುದನ್ನು ವಿಡಿಯೋ ಕರೆಯಲ್ಲಿ ಮಾಡಲು ಹೋಗಬೇಡಿ, ದನಿ ಹಿಂದೆಮುಂದೆ ಬಂದು ತಾಳ ಸೇರುವುದಿಲ್ಲ. ಮಕ್ಕಳ ನಾಟಕವಾದರೆ ಒಂದು ತಾಲೀಮು ಒಂದು ಗಂಟೆ ಮೀರದಿರಲಿ, ಶುರುವಿಗೆ ಒಂದು ಆಟ ಇರಲಿ.

ಪ್ರದರ್ಶನದ ದಿನ, ಆಮೇಲೆ

ಆ ದಿನ ಪೂರ್ತಿ ನಾಟಕ ಆಡಬೇಡಿ, ಗಂಟಲು ಉಳಿಸಿ. ಮಧ್ಯಾಹ್ನ ರಂಗಕ್ಕೆ ಹೋಗಿ ಎಲ್ಲರ ಎಂಟ್ರಿ, ಹೋಗುವ ದಾರಿ, ಹೊಡೆದಾಟ, ಹಾಡಿನ ಶ್ರುತಿ ಇಷ್ಟನ್ನು ಮಾಡಿ. ಹೆಗ್ಗೋಡಿನ ನೀನಾಸಮ್ ರಂಗಸಂಸ್ಥೆಯ ‘ತಿರುಗಾಟ’ ತಂಡ 1985ರಿಂದ ಊರೂರು ಸುತ್ತುತ್ತಿದೆ. ಹಾಗೆ ಸುತ್ತುವ ತಂಡಕ್ಕೆ ಒಂದೊಂದು ಊರಲ್ಲಿ ಒಂದೊಂದು ಅಳತೆಯ ರಂಗ ಸಿಗುತ್ತದೆ, ಹೊಸ ಜಾಗಕ್ಕೆ ನಡೆಯನ್ನು ಹೊಂದಿಸುವುದು ದಿನನಿತ್ಯದ ಕೆಲಸ. ನೀವೂ ಹೋದ ಕೂಡಲೇ ರಂಗದ ಉದ್ದಗಲ ನಡೆದು ನೋಡಿ, ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಬನ್ನಿ. ಸಾಮಾನಿನ ಪಟ್ಟಿ ಹಿಡಿದು ಪ್ರತಿ ವಸ್ತುವನ್ನೂ ಅದರ ಜಾಗದಲ್ಲಿ ಕೈಯಿಂದ ಮುಟ್ಟಿ ನೋಡಿ. ಊಟ ಹಿತಮಿತವಾಗಿರಲಿ, ನೀರು ಜಾಸ್ತಿ ಕುಡಿಯಿರಿ.

ಎರಡನೇ ಪ್ರದರ್ಶನ ತಿಂಗಳ ನಂತರ ಇದ್ದರೆ ಅದಕ್ಕೆ ಮುಂಚೆ ಮೂರು ಸಂಜೆ ಸಾಕು. ಮೊದಲ ಸಂಜೆ ಕೂತು ಮಾತಿನ ಓಟ, ಎರಡನೇ ಸಂಜೆ ಹೋದ ಸಲ ಸಡಿಲವಾದ ತುಂಡುಗಳು, ಮೂರನೇ ಸಂಜೆ ಪೂರ್ತಿ ನಾಟಕ. ಗುರುತು ಹಾಕಿದ ಹಳೆಯ ಪಟ್ಟಿ, ಪೆನ್ಸಿಲ್ಲಿನಲ್ಲಿ ಬರೆದ ಪ್ರತಿಗಳು ಆಗ ಕೈಗೆ ಸಿಗಬೇಕು. ಅದಕ್ಕಾಗಿ ಪ್ರದರ್ಶನ ಮುಗಿದ ರಾತ್ರಿಯೇ ಎಲ್ಲರಿಂದ ಪ್ರತಿಗಳನ್ನು ವಾಪಸ್ ಪಡೆದು ಒಂದೇ ಕಡೆ ಕಟ್ಟಿಡಿ.